ಕಸ್ತೂರೆವ್ವನ ಮನೆಯ ಹೆಪ್ಪು

೧

ಯುದ್ಧದ ಕತೆಯನ್ನು ಮೊಸರಿನಿಂದ ಶುರು ಮಾಡಬಹುದೇ?

ಮಾಡಬಾರದು ಎನ್ನುತ್ತಾರೆ ಅಥಣಿಯ ನನ್ನ ಸಂಪಾದಕರು. ಮೊದಲ ಸಾಲಿನಲ್ಲೇ ಗುಂಡು ಹಾರಬೇಕಂತೆ, ಕೊನೆಯ ಪುಟದಲ್ಲಿ ಧ್ವಜ ಹೊದಿಸಿದ ಪೆಟ್ಟಿಗೆ ಬರಬೇಕಂತೆ. ಒಳ್ಳೆಯ ಮನುಷ್ಯ. ನನ್ನ ಕತೆ ತಿರುಗಿ ಕಳಿಸುವಾಗ ಲಕೋಟೆಯ ಮೂಲೆಯಲ್ಲಿ 'ಮೊಣಕಾಲು ಹೇಗಿದೆ?' ಎಂದು ಬರೆಯುವುದನ್ನು ಮರೆಯುವುದಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದೆ:

'ಹಿಮ ಬೀಳುತ್ತಿತ್ತು. ಲಗಮಣ್ಣ ಬಂಡೆಯ ಮರೆಯಲ್ಲಿ ಬಂದೂಕು ಹಿಡಿದು ಕೂತಿದ್ದ.'

ಮುಂದೆ ಹೋಗಲಿಲ್ಲ. ಹಿಮವನ್ನು ನಾನು ಕಂಡದ್ದು ದಾದಾಸಾಹೇಬರ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಬಂದೂಕನ್ನು ಕಂಡದ್ದು ಬ್ಯಾಂಕಿನ ವಾಚಮನ್ನನ ಹೆಗಲ ಮೇಲೆ. ಅದರ ಪಟ್ಟಿ ಹರಿದು ಅವನು ಸುತಳಿ ಕಟ್ಟಿಕೊಂಡಿದ್ದ. ಹೀಗಾಗಿ ಲಗಮಣ್ಣನನ್ನು ಆ ಬಂಡೆಯ ಹಿಂದೆಯೇ ಬಿಟ್ಟು ಬಂದಿದ್ದೇನೆ. ಈ ಕತೆಯಲ್ಲಿ ಅವನು ಬರುವುದಿಲ್ಲ. ಉಳಿದವರು ಅವನಿಗಾಗಿ ಕಾಯುತ್ತಾರೆ. ಕಾಯುವುದನ್ನಾದರೆ ನಾನು ಹತ್ತಿರದಿಂದ ನೋಡಿದ್ದೇನೆ.

ಸಂಪಾದಕರ ಕ್ಷಮೆ ಕೋರಿ, ಮೊಸರಿನಿಂದಲೇ.

೨

ಹತ್ತೊಂಬತ್ತುನೂರಾ ತೊಂಬತ್ತೊಂಬತ್ತು. ಆ ವರ್ಷ ಜ್ಯೇಷ್ಠ ಮಾಸ ಎರಡು ಸಲ ಬಂದಿತ್ತು. ಅಧಿಕ ಮಾಸದಲ್ಲಿ ಮದುವೆ ಮಾತು ಆಡುವಂತಿಲ್ಲ, ಮುಂದೆ ಆಷಾಢದಲ್ಲಿಯೂ ಆಡುವಂತಿಲ್ಲ. ನಡುವೆ ಸಿಕ್ಕ ನಿಜ ಜ್ಯೇಷ್ಠದಲ್ಲಿ ಹೆಣ್ಣು ಹೆತ್ತವರೆಲ್ಲ ಅವಸರ ಮಾಡುತ್ತಿದ್ದರು. ಅದೇ ದಿನಗಳಲ್ಲಿ ಕಾರ್ಗಿಲ್‌ನಲ್ಲಿ ಯುದ್ಧ ನಡೆದಿತ್ತು.

ಊರು ಜುಗೂಳ. ಕೃಷ್ಣೆಯ ದಂಡೆ. ಹೊಳೆಗೆ ಕೆಂಪು ನೀರು ಬಂದಿತ್ತು. ದಾದಾಸಾಹೇಬರದು ದ್ರಾಕ್ಷಿ ತೋಟದ ದೊಡ್ಡ ಮನೆ. ಊರಲ್ಲಿ ಟೀವಿಗಳು ನಾಲ್ಕಾರು ಇದ್ದರೂ ಬಣ್ಣದ್ದು ಅವರದೇ, ಫೋನೂ ಅವರದೇ. ಸುದ್ದಿಯ ಹೊತ್ತಿಗೆ ಗಂಡಸರು ಒಳಗೆ ಕೂಡುತ್ತಿದ್ದರು, ಹೆಂಗಸರು ಅಂಗಳದಲ್ಲಿ ನಿಲ್ಲುತ್ತಿದ್ದರು. ದಾದಾಸಾಹೇಬರು ಯಾರಿಗೂ ಏನೂ ಹೇಳದೆ ಒಂದು ದಿನ ಟೀವಿಯ ಮುಖವನ್ನು ಕಿಟಕಿಯ ಕಡೆ ತಿರುಗಿಸಿಟ್ಟರು. ಗಂಡಸರು ಕತ್ತು ಹೊರಳಿಸಿ ನೋಡುವಂತಾಯಿತು.

ಅಂಚೆಯ ಗಂಗಾರಾಮನೂ ಆಗ ದಾರಿ ಬದಲಿಸಿದ್ದ. ಕಸ್ತೂರೆವ್ವನ ಮನೆಗೆ ಏನೂ ಇಲ್ಲದ ದಿನ ಅವನು ಆ ಓಣಿಗೇ ಬರುತ್ತಿರಲಿಲ್ಲ, ಹಿಂದಿನ ಕೆಸರು ದಾರಿಯಲ್ಲಿ ಸೈಕಲ್ ನೂಕಿಕೊಂಡು ಹೋಗುತ್ತಿದ್ದ. ಅವನ ಗಂಟೆ ಕೇಳಿದರೆ ಸಾಕು, ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು.

(ಕತೆ ಎಲ್ಲಿ ಎನ್ನುತ್ತೀರಿ. ಬರುತ್ತಿದೆ. ಇಂಥವನ್ನು ಬಿಟ್ಟರೆ ಬೇಗ ಬರುತ್ತದೆ, ನನಗೆ ಬಿಡಲಾಗುವುದಿಲ್ಲ.)

ಕಸ್ತೂರೆವ್ವ ಯಾರೆಂದರೆ ಲಗಮಣ್ಣನ ತಾಯಿ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗ ಮಿಲ್ಟ್ರಿಯಲ್ಲಿ. ಮನೆಯಲ್ಲಿ ಮಗಳು ಶೇವಂತಾ ಮತ್ತು ಎರಡು ಎಮ್ಮೆ: ಒಂದು ಹಾಲು ಕರೆಯುವುದು, ಒಂದು ಗಬ್ಬದ್ದು.

ಓಣಿಯ ಆ ತುದಿಯಲ್ಲಿ ಚನ್ನವ್ವನ ಮನೆ. ಚನ್ನವ್ವನ ಮಗಳು ಹೊಳೆವ್ವ. ಕತೆ ಇವಳದು.

೨ (ಮತ್ತೊಮ್ಮೆ)

ಶೇವಂತಾ ಅಡ್ಡ ಬಂದಳು.

"ಕತಿ ಆಕೀದು ಅಂತೀರಿ. ಯುದ್ಧಕ್ಕ ಹೋಗಿದ್ದು ನಮ್ಮಣ್ಣ, ಕಾದದ್ದು ನಾವು. ನನ್ನ ಎಂಟ್ರಿ ಯಾವಾಗ್ರಿ ಬಾಯಾರ?"

(ನಾನು ಉಗಾರದ ಶಾಲೆಯಲ್ಲಿ ಕಲಿಸುತ್ತಿದ್ದೆ. ನಿವೃತ್ತಳಾದರೂ ನನ್ನ ಪಾತ್ರಗಳು 'ಬಾಯಾರ' ಎನ್ನುವುದನ್ನು ಬಿಟ್ಟಿಲ್ಲ. ಲೇಖಕಿ ಎಂದು ಒಬ್ಬರೂ ಕರೆಯುವುದಿಲ್ಲ.)

ಆಮೇಲೆ ಬರುತ್ತೀ, ಮುಖ್ಯವಾದ ಹೊತ್ತಿಗೆ, ಎಂದೆ. ಸಿನಿಮಾದ ಪೋಲೀಸರ ಹಾಗೆ ಎಲ್ಲ ಮುಗಿದ ಮೇಲೋ ಎಂದು ಕೇಳಿದಳು. ಹುಲ್ಲು ತರಲು ಹೋಗಿರುತ್ತೀ, ಅಲ್ಲಿಂದ ಬರುತ್ತೀ ಎಂದೆ. ಶೇವಂತಾಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಕುಡಗೋಲು ತೆಗೆದುಕೊಂಡು ಹೋದಳು.

೩

ಹೊಳೆವ್ವನಿಗೂ ಲಗಮಣ್ಣನಿಗೂ ಏನಿತ್ತು ಎಂಬುದನ್ನು ಮೂರು ಡ್ರಾಫ್ಟುಗಳಲ್ಲಿ ಮೂರು ತರಹ ಬರೆದು ಹರಿದೆ. ಇದ್ದದ್ದು ಸ್ವಲ್ಪವೇ. ಹಿಂದಿನ ರಜೆಯಲ್ಲಿ ಬಂದಾಗ ಹಿಟ್ಟಿನ ಗಿರಣಿಯ ಮುಂದೆ ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿಕೊಟ್ಟ. ಆ ಮೇಲೆ ಅವನ ರಜೆ ಮುಗಿಯುವ ತನಕ ಚನ್ನವ್ವನ ಮನೆಯಲ್ಲಿ ಜೋಳ ಬಹಳ ಬೇಗ ಖರ್ಚಾಯಿತು. ಹೋಗುವ ಮುಂಚೆ ಅವನು ಹೇಳಿದ ಮಾತು ಒಂದೇ:

"ಜೂನದಾಗ ರಜಾಕ್ಕ ಬರ್ತೀನಿ. ನಿಮ್ಮಪ್ಪನ ಜೋಡಿ ನಾನ ಮಾತಾಡ್ತೀನಿ. ಅಲ್ಲೀತನಕ ಯಾರಿಗೂ ಹೂಂ ಅನಬ್ಯಾಡ."

ಜೂನ್ ಬಂತು. ಯುದ್ಧಕ್ಕೆ ರಜೆಗಳೆಲ್ಲ ರದ್ದಾದವು.

ಇನ್ನು ನೋಡಿ. ಲಗಮಣ್ಣನ ಸುದ್ದಿ ಬಂದರೆ ದಾದಾಸಾಹೇಬರ ಫೋನಿಗೆ ಬರಬೇಕು, ಅಲ್ಲಿಂದ ಕಸ್ತೂರೆವ್ವನ ಹೊಸ್ತಿಲಿಗೆ. ಹೊಳೆವ್ವನ ತನಕ ಬರಲು ದಾರಿಯೇ ಇಲ್ಲ. ಅವಳು ಅವನಿಗೆ ಏನೂ ಅಲ್ಲ. ಓಣಿಯ ಹುಡುಗಿ. 'ಲಗಮಣ್ಣ ಹೆಂಗದಾನ್ರಿ?' ಎಂದು ತಾಯಿ ಕೇಳಬಹುದು, ತಂಗಿ ಕೇಳಬಹುದು, ಗಿರಣಿಯವನೂ ಕೇಳಬಹುದು. ವಯಸ್ಸಿಗೆ ಬಂದ ಹುಡುಗಿ ಕೇಳಿದರೆ ಸಂಜೆಯೊಳಗೆ ಕಾಗವಾಡದ ತನಕ ಮಾತಾಗುತ್ತದೆ.

ಅದಕ್ಕೇ ಹೊಳೆವ್ವ ಹೆಪ್ಪು ಕೇಳಲು ಶುರು ಮಾಡಿದಳು.

ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು. ನಮ್ಮ ಕಡೆ ಯಾರ ಮನೆಯಲ್ಲಾದರೂ ಯಾರಾದರೂ ಕೇಳಬಹುದು, ಇಲ್ಲ ಎನ್ನುವವರಿಲ್ಲ. ಸೂತಕದ ಮನೆಯೊಂದನ್ನು ಬಿಟ್ಟು. ಸಾವಾದ ಮನೆಯಿಂದ ಹೆಪ್ಪು, ಕೆಂಡ, ಉಪ್ಪು ಯಾವುದೂ ಹೊರಗೆ ಬರುವುದಿಲ್ಲ. ಕೇಳಿದರೆ ಕೊಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಕಸ್ತೂರೆವ್ವನ ಮನೆಯಿಂದ ಹೆಪ್ಪು ಸಿಕ್ಕಿತೆಂದರೆ ಆ ದಿನದ ಮಟ್ಟಿಗೆ ಲಗಮಣ್ಣ ಇದ್ದಾನೆ.

ದಿನಾ ಬೆಳಿಗ್ಗೆ ಬಟ್ಟಲು ಹಿಡಿದು ಹೋಗುತ್ತಿದ್ದಳು. ತಮ್ಮ ಮನೆಯ ಮೊಸರು ಹುಳಿ ಬಂದಿದೆ ಎನ್ನುತ್ತಿದ್ದಳು. ಚನ್ನವ್ವನ ಮನೆಯ ಮೊಸರು ಇಡೀ ಓಣಿಗೆ ಹೆಸರುವಾಸಿ. ಪಾಪ, ತನ್ನ ಮೊಸರಿನ ಮಾನ ಹೀಗೆ ಹೋಗುತ್ತಿರುವುದು ಆಕೆಗೆ ಗೊತ್ತೇ ಇರಲಿಲ್ಲ. ಕೊಡುತ್ತಿದ್ದವಳು ಶೇವಂತಾ. ಮೊದಲು ಬೇಸರವಾಯಿತು, ಆಮೇಲೆ ಅನುಮಾನ ಬಂತು, ಆಮೇಲೆ ಒಂದು ದಿನ ಬಟ್ಟಲು ಕೈಗೆ ಕೊಟ್ಟಾಗ ಹೊಳೆವ್ವ ಬಿಟ್ಟ ಉಸಿರನ್ನು ನೋಡಿ ಎಲ್ಲ ತಿಳಿಯಿತು. ತಿಳಿದದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಅವಳು ನಾಚಿ ಬರುವುದನ್ನೇ ಬಿಟ್ಟಾಳು ಎಂದು. ಮರುದಿನದಿಂದ ಹೊಳೆವ್ವ ಕಟ್ಟೆ ಹತ್ತುವ ಮುಂಚೆಯೇ ಶೇವಂತಾ ಮೊಸರಿನ ಗಡಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು, ದೂರದಿಂದಲೇ ಕಾಣಲಿ ಎಂದು.

ಇದಿಷ್ಟೇ ಬರೆದು ನಿಲ್ಲಿಸಬಹುದಿತ್ತು. ಆಗ ಇದು ಕತೆಯಾಗದೆ ಸಜ್ಜನಿಕೆಯಾಗುತ್ತಿತ್ತು.

೪

ಆ ದಿನ ಶೇವಂತಾ ಇರಲಿಲ್ಲ.

ಕಟ್ಟೆಯ ಮುಂದೆ ಕಸ ಗುಡಿಸಿರಲಿಲ್ಲ, ಸಗಣಿ ನೀರು ಹಾಕಿರಲಿಲ್ಲ. ಒಳಗಿಂದ ಹೊಗೆ ಬರುತ್ತಿರಲಿಲ್ಲ, ಒಲೆ ಹೊತ್ತಿರಲಿಲ್ಲ. ಕಸ್ತೂರೆವ್ವ ಬಾಗಿಲಿಗೆ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಬಿಚ್ಚಿತ್ತು, ಕಣ್ಣು ಕೆಂಪಾಗಿದ್ದವು.

ಹೊಳೆವ್ವ ಬಟ್ಟಲು ಮುಂದೆ ಹಿಡಿದಳು.

"ಇವತ್ತ ಕೊಡಾಂಗಿಲ್ಲವಾ," ಎಂದಳು ಕಸ್ತೂರೆವ್ವ. "ಇನ್ನ ಸ್ವಲ್ಪ ದಿನ ಈ ಮನ್ಯಾಗಿಂದ ಏನೂ ಹೊರಗ ಕೊಡಾಂಗಿಲ್ಲ. ಹೋಗವಾ ನೀ."

ಬಾಗಿಲು ಮುಚ್ಚಿತು.

೫

(ಓದುವವರಿಗೆ ಒಂದು ಗುಟ್ಟು. ನಿಮಗೆ ಮೋಸ ಮಾಡುವ ವಯಸ್ಸು ನನ್ನದಲ್ಲ. ಲಗಮಣ್ಣ ಸತ್ತಿರಲಿಲ್ಲ. ಎಮ್ಮೆ ಈದಿತ್ತು.

ಪಂಚಮಿಯ ಹೊತ್ತಿಗೆ ಈಯಬಹುದು ಎಂದು ಊರೇ ಅಂದುಕೊಂಡಿದ್ದ ಎಮ್ಮೆ ನಸುಕಿನಲ್ಲೇ ಈದು ಹೆಣ್ಣುಗರು ಹಾಕಿತ್ತು. ತಾಯಿ ಮಗಳು ರಾತ್ರಿ ಪೂರ್ತಿ ಗೋದಲಿಯ ಹತ್ತಿರ ಕೂತಿದ್ದರು, ತಾಯಿ ಮೈ ತೊಳೆದು ಬರುವುದರಲ್ಲೇ ಬೆಳಗಾಗಿ ಕಸ, ಒಲೆ ಹಾಗೇ ಉಳಿದಿದ್ದವು. ಈದ ಮನೆಯಿಂದಲೂ ಹೆಪ್ಪು ಹೊರಗೆ ಹೋಗುವುದಿಲ್ಲ. ಹೊಸ ಹಾಲಿನ ಗಿಣ್ಣ ಮಾಡಿ ದೇವರಿಗೆ ಎಡೆ ಮುಟ್ಟುವ ತನಕ ಹಾಲು ಮೊಸರು ಹೊಸ್ತಿಲು ದಾಟಿದರೆ ಎಮ್ಮೆ ಒದೆಯುತ್ತದೆ, ಕರು ತಾಳುವುದಿಲ್ಲ ಎಂಬ ನಂಬಿಕೆ. ಕಣ್ಣು ಬಿದ್ದೀತೆಂದು ಈದದ್ದನ್ನು ಯಾರಿಗೂ ಹೇಳುವುದೂ ಇಲ್ಲ.)

ಕಸ್ತೂರೆವ್ವ ಇಲ್ಲಿ ಬಂದು ನನ್ನ ಮುಂದೆ ಕೂತಳು. ತನ್ನನ್ನು ಕೆಟ್ಟವಳನ್ನಾಗಿ ಮಾಡಬಾರದೆಂದು ಕೇಳಿಕೊಂಡಳು. ದನ ಹಡೆದ ಮನೆಯವರು ಹೇಳುವ ಮಾತನ್ನೇ ಹೇಳಿದ್ದಂತೆ, ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ತನಗೆ ಹೇಗೆ ಗೊತ್ತಾಗಬೇಕು. ನಿಜ. ಈ ಕತೆಯಲ್ಲಿ ಕೆಟ್ಟವರು ಯಾರೂ ಸಿಗುತ್ತಿಲ್ಲ. ಸಂಪಾದಕರಿಗೆ ಇದೂ ಒಂದು ತೊಂದರೆ.

ಹೊಳೆವ್ವ ಯಾಕೆ ಬಾಗಿಲು ಬಡಿದು 'ಏನಾತ್ರಿ?' ಎಂದು ಕೇಳಲಿಲ್ಲ? ಕೇಳುವ ಹಕ್ಕು ಇದ್ದಿದ್ದರೆ ಅವಳು ಹೆಪ್ಪು ಯಾಕೆ ಕೇಳುತ್ತಿದ್ದಳು? ಮನೆಯಿಂದ ಅಳುವ ದನಿ ಬರಲಿಲ್ಲವಲ್ಲ ಎಂದರೆ, ಗಂಡ ಸತ್ತಾಗಲೂ ಕಸ್ತೂರೆವ್ವ ದನಿ ತೆಗೆದು ಅತ್ತವಳಲ್ಲ. ಊರಿಗೆಲ್ಲ ಅದು ಗೊತ್ತಿತ್ತು.

೭

(ಆರನೆಯದನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ಹೊಳೆವ್ವ ಖಾಲಿ ಬಟ್ಟಲು ಹಿಡಿದು ಹೊಳೆಯ ಕಡೆ ನಡೆದಿದ್ದಳು. ಹೆಸರೂ ಹೊಂದುತ್ತಿತ್ತು, ನೀರೂ ಬಂದಿತ್ತು. ದಂಡೆಯ ತನಕ ಬಂದವಳು ಹಿಂತಿರುಗಿ ನನ್ನನ್ನು ನೋಡಿದಳು. "ಮನ್ಯಾಗ ಮಂದಿ ಬರೂ ಹೊತ್ತಾತ್ರಿ ಬಾಯಾರ. ನಮ್ಮವ್ವ ಒಬ್ಬಾಕೀನ ಅದಾಳ" ಎಂದು ಮನೆಗೆ ಹೋದಳು. ಪಾತ್ರಗಳು ಲೇಖಕರಿಗಿಂತ ಜವಾಬ್ದಾರಿಯುಳ್ಳವು.)

ಮಂದಿ ಬರುವವರಿದ್ದದ್ದು ನಿಜ. ರಾಯಬಾಗದಿಂದ, ಹೆಣ್ಣು ನೋಡಲು. ಹೊಳೆವ್ವನ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಹುಡುಗಿ ಹೂಂ ಅಂದರೆ ಇವತ್ತೇ ಸಕ್ಕರೆ ತಿನ್ನಿಸಿ ನಿಶ್ಚಯ ಮಾಡೋಣ, ಇಲ್ಲವಾದರೆ ಚಾ ಕುಡಿಸಿ ಸ್ನೇಹದಿಂದ ಕಳಿಸೋಣ. ಮಗಳ ಮೇಲೆ ಒತ್ತಾಯ ಮಾಡುವ ಮನುಷ್ಯನಲ್ಲ. ಆದರೆ ಒಮ್ಮೆ ಸಕ್ಕರೆ ತಿಂದರೆ ಮಾತು ಮುಗಿದ ಹಾಗೆ. ಸಕ್ಕರೆ ತಿಂದು ತಿರುಗಿದ ಮನೆತನವನ್ನು ನಮ್ಮ ಕಡೆ ಮಕ್ಕಳ ಕಾಲದ ತನಕ ನೆನಪಿಟ್ಟುಕೊಳ್ಳುತ್ತಾರೆ.

ಹೊಳೆವ್ವ ಬೆಳಿಗ್ಗೆಯ ತನಕ 'ಇಲ್ಲ' ಎಂದು ಗಟ್ಟಿ ಮಾಡಿಕೊಂಡಿದ್ದಳು.

೮

ವರನ ಹೆಸರು ಮುರಗೆಪ್ಪ. ಅವನನ್ನು ಹಲ್ಲುಬ್ಬನನ್ನಾಗಿ, ಜಿಪುಣನನ್ನಾಗಿ, ಕನಿಷ್ಠ ಪಕ್ಷ ಬಾಯಿಬಡುಕನನ್ನಾಗಿಯಾದರೂ ಮಾಡಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಅವನು ಒಪ್ಪಲಿಲ್ಲ. ಹೊಳೆವ್ವ ಮಾಡಿದ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅವನ ತಾಯಿ ಒಂದು ತುತ್ತು ತಿಂದು ಮುಖ ಕಿವುಚಿದಳು. ಅವನು ತನ್ನದನ್ನು ಪೂರ್ತಿ ತಿಂದು, ತಾಯಿಯ ತಾಟನ್ನೂ ಎಳೆದುಕೊಂಡು, ತನಗೆ ಹೀಗೇ ಸೇರುತ್ತದೆ ಎಂದ. ಆಮೇಲೆ ಮೂರು ಸಲ ನೀರು ಕೇಳಿದ, ಮೆಲ್ಲಗೆ.

ಚನ್ನವ್ವ ಮಗಳನ್ನು ಅಡಿಗೆಮನೆಗೆ ಕರೆದು ಏನು ಮಾಡುತ್ತೀ ಎಂದು ಕೇಳಿದಳು. ಹೊಳೆವ್ವ ಒಲೆಯ ಮೇಲಿನ ಹಾಲು ನೋಡುತ್ತ ನಿಂತಿದ್ದಳು. ಹಾಲು ಕಾದಿತ್ತು. ಹೆಪ್ಪಿರಲಿಲ್ಲ, ತಮ್ಮ ಮನೆಯ ಮೊಸರು ಹುಳಿ ಎಂದು ಹೇಳಿ ಹೇಳಿ ಈಗ ಅವಳಿಗೇ ಅದರ ಮೇಲೆ ಮನಸ್ಸಿರಲಿಲ್ಲ.

"ಹೂಂ ಅನ್ನು ಬೇ," ಎಂದಳು. "ಇನ್ನ ಯಾರ ಸಲುವಾಗಿ ಇಲ್ಲ ಅನ್ಲಿ?"

ಚನ್ನವ್ವ ಈ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡು ಹೊರಗೆ ಓಡಿದಳು.

೯

ಈಗ ಬಾ ಶೇವಂತಾ.

ಹುಲ್ಲಿನ ಹೊರೆ ಇಳಿಸುತ್ತಿದ್ದ ಮಗಳಿಗೆ ಕಸ್ತೂರೆವ್ವ ಅವಳು ಹೋದ ಮೇಲೆ ಆದದ್ದನ್ನೆಲ್ಲ ಹೇಳಿದಳು: ಕರು ಮೊದಲ ಸಲ ಎದ್ದು ನಿಂತದ್ದು, ಎಮ್ಮೆ ನೆಕ್ಕಿದ್ದು, ಚನ್ನವ್ವನ ಮಗಳು ಹೆಪ್ಪು ಕೇಳಲು ಬಂದದ್ದು, ಕೊಡುವುದಿಲ್ಲವೆಂದು ಕಳಿಸಿದ್ದು. ಕಳಿಸುವಾಗ ಎಮ್ಮೆ ಈದದ್ದನ್ನು ಹೇಳಿದೆಯಾ ಎಂದು ಶೇವಂತಾ ಕೇಳಿದಳು. ಅದನ್ನು ಯಾರಾದರೂ ಹೇಳುತ್ತಾರೆಯೇ ಎಂದಳು ತಾಯಿ.

ಶೇವಂತಾ ನೇರ ಒಳಗೆ ಹೋಗಿ ಮೊಸರಿನ ಗಡಿಗೆಗೆ ಕೈ ಹಾಕಿದಳು. ಕಸ್ತೂರೆವ್ವ ಅಡ್ಡ ನಿಂತಳು.

"ಎಡಿ ಆಗಿಲ್ಲ ಇನ್ನ. ಎಮ್ಮಿ ಒದೀತೈತಿ ನೋಡು."

"ಒದೀಲಿ."

"ಕರಕ್ಕ ಏನರ ಆದ್ರ?"

"ಯವ್ವಾ, ಆಕೀ ಅಣ್ಣ ಸತ್ತಾನಂತ ತಿಳಕೊಂಡಾಳ."

ಕಸ್ತೂರೆವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿ ಅವಸರ ಮಾಡಬಾರದು. ಮುದುಕಿ ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದಾಳೆ. ದಿನಾ ಬರುವ ಬಟ್ಟಲು. ಹುಳಿಯಾಗಿದೆ ಎನ್ನುವ ಚನ್ನವ್ವನ ಸಿಹಿ ಮೊಸರು. ಊರಿನ ಹುಡುಗಿಯರೆಲ್ಲ ತನ್ನನ್ನು ಕಾಕು, ಅಂದರೆ ಚಿಕ್ಕವ್ವ, ಎಂದು ಕರೆಯುವಾಗ ಇವಳೊಬ್ಬಳು ಮೊನ್ನೆ ಮೊನ್ನೆಯಿಂದ ಅತ್ತಿ ಎನ್ನುವುದು. ಮುಚ್ಚಿದ ಬಾಗಿಲು.

ಕೊಟ್ಟಿಗೆಯಲ್ಲಿ ಕರು ಎದ್ದು ನಿಲ್ಲಲು ಹೋಗಿ ಬಿತ್ತು. ಕಸ್ತೂರೆವ್ವ ಆ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳ ಕೈಯಿಂದ ಗಡಿಗೆ ತೆಗೆದುಕೊಂಡು, ಮನೆಯಲ್ಲಿದ್ದ ದೊಡ್ಡ ಬಟ್ಟಲಿಗೆ ತಾನೇ ಮೊಸರು ಹಾಕಿದಳು. ಹೆಪ್ಪಿಗೆ ಒಂದು ಚಮಚ ಸಾಕು. ಆಕೆ ಬಟ್ಟಲು ತುಂಬಿಸಿದಳು.

(ದಾದಾಸಾಹೇಬರ ಟೀವಿಯಲ್ಲಿ ಆ ಹೊತ್ತಿಗೆ ಗುಡ್ಡ ಗೆದ್ದ ಸುದ್ದಿ ಬರುತ್ತಿತ್ತು. ಬೇಕಾದವರು ಅಲ್ಲಿ ಹೋಗಿ ನೋಡಬಹುದು.)

೧೦

ಶೇವಂತಾ ತಲುಪಿದಳೇ?

ಡ್ರಾಫ್ಟ್ ಒಂದರಲ್ಲಿ ಸಕ್ಕರೆ ತುಟಿಗೆ ತಾಗುವ ಮುಂಚೆ ತಲುಪಿದಳು. ಓದಿ ನನಗೇ ನಗು ಬಂತು. ಡ್ರಾಫ್ಟ್ ಎರಡರಲ್ಲಿ ಎಲ್ಲ ಮುಗಿದು ರಾಯಬಾಗದವರು ಜೀಪು ಹತ್ತಿದ ಮೇಲೆ ತಲುಪಿದಳು. ಓದಿ ಬೇಸರವಾಯಿತು. ಮೂರನೆಯದನ್ನು ಬರೆಯಲು ಕೂತಾಗ ಹೊಳೆವ್ವನನ್ನೇ ಕೇಳಿದೆ. ಅವಳು ಮಾತಾಡಲಿಲ್ಲ. ಬಾಯಲ್ಲಿ ಸಕ್ಕರೆ ಇತ್ತು.

ಹಾಗೇ ಆಗಲಿ. ಉಡಿಯಲ್ಲಿ ಸಕ್ಕರೆಯ ಪುಡಿಕೆ. ಮುರಗೆಪ್ಪನ ತಾಯಿ ಈಗಷ್ಟೇ ಬಾಯಿಗೆ ಹಾಕಿದ ಸಕ್ಕರೆ ನಾಲಗೆಯ ಮೇಲೆ, ಇನ್ನೂ ಕರಗಿಲ್ಲ. ಉಗಾರದ ಸಕ್ಕರೆ, ದಪ್ಪ ಹರಳು. ಬಾಗಿಲಲ್ಲಿ ಶೇವಂತಾ; ಮೈಗೆಲ್ಲ ಹುಲ್ಲಿನ ಕಸ, ಕೈಯಲ್ಲಿ ತುಂಬಿದ ಬಟ್ಟಲು.

"ಹೆಪ್ಪ ತಗೋ ಹೊಳೆವ್ವಾ," ಎಂದಳು. "ಮುಂಜಾನಿ ಕೊಡಾಕಾಗಿರಲಿಲ್ಲ. ನಮ್ಮ ಎಮ್ಮಿ ಈದೈತಿ. ಅವ್ವ ಕೊಟ್ಟ ಕಳಿಸ್ಯಾಳ."

ಈದದ್ದನ್ನು ಹತ್ತು ಮಂದಿಯ ಮುಂದೆ ಬಾಯಿ ಬಿಟ್ಟು ಹೇಳಿಬಿಟ್ಟಳು. ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎಡೆಗೆ ಮುಂಚೆ ಮೊಸರು ಹೊರಗೆ ತಂದವಳನ್ನು ಅವರು ನೋಡಿಯೇ ಇರಲಿಲ್ಲ. ಹುಚ್ಚು ಹುಡುಗಿ ಅಂದುಕೊಂಡಿರಬೇಕು.

ಹೊಳೆವ್ವ ಬಟ್ಟಲು ನೋಡಿದಳು. ತುಂಬಿತ್ತು. ಅವ್ವ ಕೊಟ್ಟು ಕಳಿಸಿದ್ದಾಳೆ.

ಇಲ್ಲಿಂದ ಮುಂದೆ ಮೂರು ದಾರಿ ಬರೆದಿಟ್ಟಿದ್ದೇನೆ.

ಅ. ಹೊಳೆವ್ವ ಉಡಿಯ ಪುಡಿಕೆ ತೆಗೆದು ಮುರಗೆಪ್ಪನ ತಾಯಿಯ ಮುಂದೆ ಇಟ್ಟುಬಿಡುತ್ತಾಳೆ. ಸಂಪಾದಕರು ಇದಕ್ಕೆ ಒಪ್ಪುತ್ತಾರೆ, ಕ್ಲೈಮ್ಯಾಕ್ಸ್ ಇದೆ. ಹೊಳೆವ್ವ ಒಪ್ಪಲಿಲ್ಲ. "ಅಪ್ಪನ ಪಟಗಾ ನೋಡ್ರಿ ಬಾಯಾರ," ಎಂದಳು. "ಇವತ್ತಿನ ಸಲುವಾಗಿ ಇಸ್ತ್ರಿ ಮಾಡಿಸ್ಯಾನ." ನೋಡಿದೆ. ಗರಿಗರಿಯಾದ ಬಿಳಿ ರುಮಾಲು. ಅದರ ಕೆಳಗೆ, ಮಗಳು ತಾನಾಗಿ ಹೂಂ ಅಂದಳೆಂಬ ಸಂತೋಷದ ಮುಖ.

ಆ. ಹೊಳೆವ್ವ ಸುಮ್ಮನೆ ಸಕ್ಕರೆ ನುಂಗಿ ರಾಯಬಾಗಕ್ಕೆ ಹೋಗುತ್ತಾಳೆ, ಸುಖವಾಗಿಯೇ ಇರುತ್ತಾಳೆ. ಇದಕ್ಕೆ ಶೇವಂತಾ ಸಿಟ್ಟಾದಳು. ಹಾಗಿದ್ದರೆ ತಾನು ಎಮ್ಮೆಯನ್ನು, ಕರುವನ್ನು ಪಣಕ್ಕಿಟ್ಟು ಬಂದದ್ದು ಯಾಕೆ ಎಂದು ಕೇಳಿದಳು. ಅಣ್ಣ ಬಂದಾಗ ಅವನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದಳು. ಬಂದಾಗ ಎಂದಳು, ಬಂದರೆ ಎನ್ನಲಿಲ್ಲ. ನಾನು ತಿದ್ದಲಿಲ್ಲ.

ಇ. ಮುರಗೆಪ್ಪ ಎಲ್ಲ ಅರ್ಥ ಮಾಡಿಕೊಂಡು ತಾನಾಗಿ ಎದ್ದು ಹೋಗುತ್ತಾನೆ. ಬಹಳ ಅನುಕೂಲದ ದಾರಿ. ಆದರೆ ಅವನು ಕುರ್ಚಿಯಲ್ಲಿ ಸರಿದು ಕೂತು, "ನನ್ನ ಅಷ್ಟ ದೊಡ್ಡಾಂವನ ಮಾಡಬ್ಯಾಡ್ರಿ," ಎಂದ. "ನನಗೂ ಆಕೀ ಮನಸಿಗೆ ಬಂದಾಳ."

ಪಾಪ, ಅದೂ ಸರಿಯೇ.

೧೧

ಆದದ್ದನ್ನು ಮಾತ್ರ ಹೇಳುತ್ತೇನೆ.

ಹೊಳೆವ್ವ ಎದ್ದು ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡಳು. ಶೇವಂತಾಳ ಕೂದಲಿನಲ್ಲಿ ಸಿಕ್ಕಿದ್ದ ಹುಲ್ಲಿನ ಎಸಳನ್ನು ತೆಗೆದಳು. ಹಾಲು ಆರಿಹೋಗುತ್ತದೆ, ಹೆಪ್ಪು ಹಾಕಿ ಬರುತ್ತೇನೆ ಎಂದು ಹಿರಿಯರಿಗೆ ಹೇಳಿ ಒಳಗೆ ಹೋದಳು.

ಹಾಲು ಉಗುರು ಬೆಚ್ಚಗಿತ್ತು. ಒಂದು ಚಮಚ ಹಾಕಿದಳು, ತಿರುಗಿಸಿದಳು, ಮುಚ್ಚಿದಳು. ಗಡಿಗೆಗೆ ಹಳೆಯ ಸೀರೆಯ ತುಂಡು ಸುತ್ತಿದಳು. ಆಮೇಲೆ ಉಡಿಯಿಂದ ಸಕ್ಕರೆಯ ಪುಡಿಕೆ ತೆಗೆದು ಗಡಿಗೆಯ ಪಕ್ಕದಲ್ಲಿ ಇಟ್ಟಳು. ಒಳಗೆ ಸುರಿಯಲಿಲ್ಲ, ಹೊರಗೆ ಒಯ್ಯಲೂ ಇಲ್ಲ. ಎರಡರ ಮುಂದೆ ಮೊಣಕಾಲು ಕಟ್ಟಿಕೊಂಡು ಕೂತಳು.

ಚನ್ನವ್ವ ಹೊರಗಿಂದ ಕರೆದಳು. ಇನ್ನೊಮ್ಮೆ ಕರೆಯಲು ಹೋದಾಗ ಮುರಗೆಪ್ಪ ತಡೆದ. "ಕೂತಿರಲಿ ಬಿಡ್ರಿ," ಎಂದ. "ನಮಗೇನ ಗಡಿಬಿಡಿ ಇಲ್ಲ." ಇನ್ನೊಂದು ಲೋಟ ನೀರು ಕೇಳಿದ. ಶೇವಂತಾ ತಂದುಕೊಟ್ಟು, ಹೋಗದೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು, ಒಳಗೂ ಅಲ್ಲ ಹೊರಗೂ ಅಲ್ಲ.

ಅಥಣಿಯ ಸಂಪಾದಕರೇ, ಆಮೇಲೆ ಏನಾಯಿತು ಎಂದು ನೀವು ಲಕೋಟೆಯ ಮೂಲೆಯಲ್ಲಿ ಕೇಳುತ್ತೀರಿ. ನನ್ನ ಮೊಣಕಾಲು ಪರವಾಗಿಲ್ಲ. ಎಮ್ಮೆ ಒದೆಯಿತೇ, ಕರು ತಾಳಿತೇ, ಆ ಬಂಡೆಯ ಹಿಂದಿನಿಂದ ಲಗಮಣ್ಣ ಎದ್ದು ಬಂದನೇ, ಹುಡುಗಿ ಪುಡಿಕೆಯನ್ನು ಯಾರ ಕೈಗೆ ಕೊಟ್ಟಳು ಎಂದು ಕೇಳಬೇಡಿ. ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಿಸಬಾರದು, ಮುಚ್ಚಳ ತೆಗೆದು ತೆಗೆದು ನೋಡಬಾರದು. ಅಡಿಗೆಮನೆಯಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು.

ಅವಳು ಇನ್ನೂ ಕೂತಿದ್ದಾಳೆ. ಸಕ್ಕರೆ ಬಾಯಲ್ಲಿ ಕರಗಿದೆ, ರುಚಿ ಹೋಗಿಲ್ಲ. ಹಾಲು ಇನ್ನೂ ಹಾಲೇ.

ನೀವೂ ಸ್ವಲ್ಪ ಮೆಲ್ಲಗೆ ಎದ್ದು ಹೋಗಿ.